ವಿದಿನ್ನಿನ ಕಾಗದ, ನಮ್ಮ ಮುಂಬಾಗಿಲು

ನಮ್ಮ ಮಾವನವರಿಗೆ ಯೂರೋಪಿನ ಬಾಲ್ಕನ್ ದೇಶಗಳ ಹಳೇ ಸ್ಟಾಂಪಿನ ಹುಚ್ಚು ಹಿಡಿದದ್ದು ನಾನು ಆ ಮನೆಗೆ ಸೊಸೆಯಾಗಿ ಬರುವುದಕ್ಕೆ ಎಷ್ಟೋ ಮೊದಲು. ಹಾಗಾಗಿ ಅದರ ಹೊಣೆಯನ್ನು ಯಾರೂ ನನ್ನ ತಲೆಗೆ ಕಟ್ಟುವಂತಿಲ್ಲ. ಮಾವನವರ ಹೆಸರು ಬೋರಲಿಂಗಯ್ಯ. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟರಾಗಿದ್ದವರು. ಊರಿನ ಅರ್ಧಕ್ಕರ್ಧ ಗಂಡಸರು ಅವರ ಸೀಟಿಗೆ ಮೈದಾನ ಸುತ್ತಿ ಬೆವರಿಳಿಸಿದವರೇ. ಅಂಥ ಆಳು ಉಸಿರು ಬಿಗಿಹಿಡಿದು, ಭೂತಗನ್ನಡಿಯ ಮೇಲೆ ಬಗ್ಗಿ, ಚಿಮಟದ ತುದಿಯಲ್ಲಿ ಉಗುರಿನಷ್ಟು ಕಾಗದ ಎತ್ತಿಡುವುದನ್ನು ಕಂಡರೆ ಅವರ ಶಿಷ್ಯರು ನಂಬುತ್ತಿರಲಿಲ್ಲ. ನಾನು ದಿನಾ ಕಾಣುತ್ತಿದ್ದೆ. ಅದರಲ್ಲೂ ಆ ಚಿಮಟ ಮುಕ್ಕಾಲು ಪಾಲು ಸಲ ನನ್ನದೇ ಆಗಿರುತ್ತಿತ್ತು, ಹುಬ್ಬಿನ ಕೂದಲು ಕೀಳುವುದಕ್ಕೆಂದು ನಾನು ಇಟ್ಟುಕೊಂಡದ್ದು.

ಹುಡುಗರಾಗಿದ್ದಾಗ ಯಾವುದೋ ಅಂಗಡಿಯಲ್ಲಿ ಕೊಂಡ ಬೆರಕೆ ಸ್ಟಾಂಪುಗಳ ಪೊಟ್ಟಣದಲ್ಲಿ ಸಿಂಹದ ಚಿತ್ರವಿದ್ದ ಒಂದು ಚೀಟಿ ಅವರಿಗೆ ಸಿಕ್ಕಿತಂತೆ. ಸುತ್ತ ಇದ್ದ ಅಕ್ಷರ ಯಾವ ಭಾಷೆಯದೆಂದು ಯಾರಿಗೂ ಗೊತ್ತಾಗಲಿಲ್ಲ. ಅದು ಬಲ್ಗೇರಿಯಾದ್ದು ಎಂದು ತಿಳಿಯುವ ಹೊತ್ತಿಗೆ ಇವರಿಗೆ ಬೇರೇನೂ ಬೇಡವಾಗಿತ್ತು. ಅಲ್ಲಿಂದ ಸರ್ಬಿಯಾ, ಬೋಸ್ನಿಯಾ, ಮೊಲ್ದಾವಿಯಾ, ಮಾಂಟೆನೆಗ್ರೊ. ನೂರೈವತ್ತು ವರ್ಷದ ಹಿಂದೆ ಆ ಕಡೆ ಒಂದೇ ಊರಿನಲ್ಲಿ ತುರ್ಕರದೊಂದು ಅಂಚೆ, ಆಸ್ಟ್ರಿಯಾದವರದೊಂದು ಅಂಚೆ, ರಷ್ಯದವರದೊಂದು, ಸಾಲದ್ದಕ್ಕೆ ನದಿಯಲ್ಲಿ ಓಡಾಡುವ ಹಡಗಿನ ಕಂಪನಿಯದೇ ಇನ್ನೊಂದು ಇತ್ತಂತೆ. "ಒಂದು ಊರು, ನಾಲ್ಕು ಥರದ ಸ್ಟಾಂಪು ಕಣಮ್ಮ" ಎಂದು ಊಟದ ತಟ್ಟೆಯ ಮುಂದೆ ಅವರು ಹೇಳದ ದಿನವಿಲ್ಲ. ಸಾರು ಆರಿಹೋಗುತ್ತಿತ್ತು.

ಬೇರೆ ಊರಾಗಿದ್ದರೆ ಇದರಿಂದ ಯಾರಿಗೂ ತೊಂದರೆಯಿಲ್ಲ. ನಮ್ಮೂರಿನಲ್ಲಿ, ಉತ್ತರ ಬರೆಯದ ಕಾಗದವೊಂದು ಮನೆಯೊಳಗೆ ಬಂದರೆ ಆ ಮನೆಯ ಮುಂಬಾಗಿಲು ಮುಚ್ಚುವುದಿಲ್ಲ. ಉತ್ತರ ಬರೆದು ಡಬ್ಬಕ್ಕೆ ಹಾಕಿದ ಮೇಲೆಯೇ ಮುಚ್ಚುವುದು. ನಮ್ಮ ಜನ ಇದಕ್ಕೆ ತಕ್ಕಂತೆ ಬದುಕು ಹೊಂದಿಸಿಕೊಂಡಿದ್ದಾರೆ. ಮದುವೆ ಕಾಗದ ಬಂದರೆ ಓದುವ ಮೊದಲೇ ಉತ್ತರದ ಕಾರ್ಡಿಗೆ ಕೈ ಹಾಕುತ್ತಾರೆ. ಪೋಸ್ಟಾಫೀಸಿನಲ್ಲಿ "ತಲುಪಿತು, ಸಂತೋಷ" ಎಂದು ಅಚ್ಚು ಹಾಕಿದ ಕಾರ್ಡಿನ ಕಟ್ಟುಗಳನ್ನೇ ಇಟ್ಟಿರುತ್ತಾರೆ. ಆದರೆ ಕಾಗದದಲ್ಲಿ ಪ್ರಶ್ನೆಯಿದ್ದರೆ ಆ ಕಾರ್ಡು ನಡೆಯುವುದಿಲ್ಲ, ಕೇಳಿದ್ದಕ್ಕೆ ಸರಿಯಾಗಿ ಹೇಳಬೇಕು. ಮನಸ್ಸಿಲ್ಲದ ಮನಸ್ಸಿನಿಂದ ಬರೆದರೆ ಬಾಗಿಲು ಬಂದಂತೆ ಮಾಡಿ ನಿಲ್ಲುತ್ತದೆ, ಸಂದು ಉಳಿಯುತ್ತದೆ. ಹೆಣ್ಣು ನೋಡಲು ಬಂದವರು ಮೊದಲು ಆ ಸಂದು ನೋಡಿಯೇ ಮೆಟ್ಟಿಲು ಹತ್ತುವುದು. ಒಬ್ಬರು ತಲೆ ಕೆಟ್ಟು ಕಾಗದವನ್ನು ಒಲೆಗೆ ಹಾಕಿದ್ದರು. ಅವರ ಮನೆಗೆ ಇವತ್ತಿಗೂ ಗೋಣಿತಾಟೇ ಬಾಗಿಲು. ಮೊಬೈಲು ಬಂದಾಗ ನಮ್ಮೂರಿನಷ್ಟು ಸಂಭ್ರಮ ಬೇರೆಲ್ಲೂ ಆಗಿರಲಿಕ್ಕಿಲ್ಲ. ಮೆಸೇಜಿಗೆಲ್ಲ ಬಾಗಿಲು ತಲೆ ಕೆಡಿಸಿಕೊಳ್ಳುವುದಿಲ್ಲ.

ಇಂಥ ಊರಿನಲ್ಲಿ ಕುಳಿತು ನಮ್ಮ ಮಾವ ಹಳೇ ಕಾಗದ ತರಿಸುತ್ತಿದ್ದರು. ಬಿಡಿ ಸ್ಟಾಂಪಾದರೆ ಅಪಾಯವಿಲ್ಲ, ಖಾಲಿ ಲಕೋಟೆಯಾದರೂ ಅಡ್ಡಿಯಿಲ್ಲ. ಆ ಕಾಲದಲ್ಲಿ ಎಷ್ಟೋ ಜನ ಲಕೋಟೆಯನ್ನೇ ಬಳಸುತ್ತಿರಲಿಲ್ಲವಂತೆ, ಬರೆದ ಹಾಳೆಯನ್ನೇ ಮಡಿಸಿ ಹೊರಗೆ ವಿಳಾಸ ಬರೆದು ಅರಗು ಹಾಕುತ್ತಿದ್ದರು. ಅಂಥದ್ದು ಬಂದಾಗಲೆಲ್ಲ ನಾನು, ನಮ್ಮವರು, ಮಾವ ಮೂವರೂ ಬಾಗಿಲ ಮುಂದೆ ನಿಂತು ಅದು ಮುಚ್ಚುತ್ತದೋ ಇಲ್ಲವೋ ಎಂದು ಎಳೆದು ನೋಡಬೇಕು. ಯಾವಾಗಲೂ ಮುಚ್ಚುತ್ತಿತ್ತು. "ಆ ಕಾಲದ ಜನ ಮರ್ಯಾದಸ್ಥರು, ಉತ್ತರ ಬರೀತಿದ್ರು" ಎಂದು ಮಾವ ತಾವೇ ಬರೆದವರ ಹಾಗೆ ಬೀಗುತ್ತಿದ್ದರು.

ಬಾಗಿಲಿನ ಬಗ್ಗೆ ನನಗೆ ಇಷ್ಟು ಕಾಳಜಿ ಯಾಕೆಂದರೆ ಅದರ ಹಿಂದಿದ್ದದ್ದು ನನ್ನ ಬ್ಯೂಟಿ ಪಾರ್ಲರ್. ಮದುವೆಯಾಗಿ ಬಂದ ಹೊಸತರಲ್ಲಿ, ಮುಂದಿನ ಕೋಣೆಯಲ್ಲಿ ಪಾರ್ಲರ್ ಇಡಲೇ ಎಂದು ನಮ್ಮವರ ಮೂಲಕ ಮಾವನವರನ್ನು ಕೇಳಿಸಿದ್ದೆ. ಅವರು "ನೋಡೋಣ" ಅಂದರಂತೆ. ನಮ್ಮವರು, ಅಂದರೆ ಮಹಲಿಂಗ, ಮೋಟಾರು ವೈಂಡಿಂಗ್ ಮಾಡುವವರು. ತಂತಿ ಸುತ್ತುವುದು ಬಿಟ್ಟು ಬೇರೆ ಸುತ್ತುಬಳಸಿನ ಮಾತು ಅವರಿಗೆ ತಿಳಿಯದು. "ಅಪ್ಪ ಆಯ್ತು ಅಂದ್ರು" ಎಂದು ಬಂದು ಹೇಳಿದರು. ನಾನು ಕುರ್ಚಿ ತರಿಸಿದೆ, ದೊಡ್ಡ ಕನ್ನಡಿ ಹಾಕಿಸಿದೆ, "ವಿಮಲಾ ಲೇಡೀಸ್ ಪಾರ್ಲರ್" ಎಂದು ಬೋರ್ಡು ಬರೆಸಿದೆ. ಮಾವ ಅವತ್ತಿನಿಂದ ಹಿತ್ತಿಲ ಬಾಗಿಲಿನಲ್ಲಿ ಓಡಾಡತೊಡಗಿದರು. ಹೆಂಗಸರಿರುವ ಕಡೆ ಯಾಕೆ ಎಂಬ ಸಂಕೋಚ ಇರಬೇಕು ಎಂದುಕೊಂಡೆ. ಪಾರ್ಲರಿನ ಬಗ್ಗೆ ಒಳ್ಳೆಯದು ಕೆಟ್ಟದ್ದು ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. ವರ್ಷಗಳು ಕಳೆದವು.

ಮದುವೆಯ ಕಾಲ ಶುರುವಾಗುವ ಹೊತ್ತು. ಪೋಸ್ಟಿನ ಪುಟ್ಟಗೌರಿ ರಿಜಿಸ್ಟರ್ಡ್ ಪಾರ್ಸಲ್ ತಂದುಕೊಟ್ಟು, ಸಹಿ ಹಾಕಿಸಿಕೊಂಡು, ಕಾಫಿಗೂ ನಿಲ್ಲದೆ ಹೋದಳು. ಅವಳಿಗೆ ಅನುಭವವಿದೆ. ಮಾವ ಪಾರ್ಸಲನ್ನು ಎದೆಗೆ ಅವಚಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಗಿರಾಕಿಯೊಬ್ಬಳು ಬಂದಳೆಂದು ನಾನು ಬಾಗಿಲು ಎಳೆದುಕೊಂಡೆ. ಅದು ಬರಲಿಲ್ಲ. ಹೆಗಲು ಕೊಟ್ಟು ತಳ್ಳಿದೆ. ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತ್ತು.

"ಮಾವ, ಬಾಗ್ಲು ಹಾಕ್ಕೊಳ್ತಿಲ್ಲ."

"ಮಳೆಗೆ ಮರ ಉಬ್ಬಿರುತ್ತೆ ಕಣಮ್ಮ" ಎಂದು ಒಳಗಿನಿಂದಲೇ ಅಂದರು.

"ಮಳೆ ನಿಂತು ಯಾವ ಕಾಲ ಆಯ್ತು. ಇವತ್ತು ಬಂದ ಕಾಗದ ಎಲ್ಲಿ, ತೋರ್ಸಿ."

ಅವರ ಕೋಣೆಗೆ ಹೋಗಿ ನೋಡಿದರೆ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಕೂಸನ್ನು ಮಲಗಿಸಿದ ಹಾಗೆ ಮಲಗಿಸಿದ್ದರು. ಕಂದುಬಣ್ಣಕ್ಕೆ ತಿರುಗಿದ ಮಡಿಕೆಯ ಕಾಗದ. ಮೂಲೆಯಲ್ಲಿ ಕೆಂಪು ಸ್ಟಾಂಪು, ನಡುವೆ ಹದಿನೇಳು ಎಂಬ ಅಂಕಿ, ಸುತ್ತ ಇರುವೆ ಸಾಲಿನಂಥ ಅಕ್ಷರ. ಮಗುಚಿ ತೋರಿಸಿದರು. ಹಿಂದೆ ಅರಗಿನ ಮುದ್ರೆ, ಬಿಲ್ಲೆಯ ಹಾಗೆ ಗುಂಡಗೆ. ಒಂದು ಬಿರುಕೂ ಇರಲಿಲ್ಲ.

ನನಗೆ ಅರ್ಥವಾಗುವುದಕ್ಕೆ ಒಂದು ಗಳಿಗೆ ಬೇಕಾಯಿತು. "ಇದನ್ನ ಯಾರೂ ಒಡೆದೇ ಇಲ್ಲ."

"ಹೂಂ."

"ಒಡೆದಿಲ್ಲ ಅಂದ್ರೆ ಓದಿಲ್ಲ. ಓದಿಲ್ಲ ಅಂದ್ರೆ ಉತ್ತರ ಬರೆದಿಲ್ಲ. ಗೊತ್ತಿದ್ದೂ ತರಿಸಿದ್ರಾ ಮಾವ?"

"ಡ್ಯಾನ್ಯೂಬ್ ನದಿ ಹಡಗಿನ ಕಂಪನಿ ಸ್ಟಾಂಪು, ವಿದಿನ್ ಅನ್ನೋ ಊರಿಂದ ಗಲಾತ್ಸ್ ಅನ್ನೋ ಬಂದರಿಗೆ ಹೋಗಿರೋದು, ಅದೂ ಅರಗು ಒಡೆಯದೆ. ಪ್ರಪಂಚದಲ್ಲಿ ಇಂಥದ್ದು ಇನ್ನೊಂದು ಇದೆಯೋ ಇಲ್ವೋ ವಿಮಲಾ."

"ನಮಗೆ ಮುಂಬಾಗ್ಲೂ ಒಂದೇ ಇರೋದು ಮಾವ."

ಅವರು ಭೂತಗನ್ನಡಿ ಎತ್ತಿಕೊಂಡರು. ಮಾತು ಮುಗಿಯಿತು ಎಂದು ಅದರ ಅರ್ಥ.

ಮುಂದಿನ ದಿನಗಳ ಕಥೆ ನೆನೆದರೆ ಈಗಲೂ ಮೈ ಉರಿಯುತ್ತದೆ. ಹಾಡಹಗಲು ಬಾಗಿಲು ಹಾರು ಹೊಡೆದ ಲೇಡೀಸ್ ಪಾರ್ಲರಿಗೆ ಯಾವ ಹೆಂಗಸು ಬರುತ್ತಾಳೆ. ಪರದೆ ಕಟ್ಟಿದೆ. ಮಧ್ಯಾಹ್ನ ಕೆರೆ ಕಡೆಯ ಗಾಳಿ ಎದ್ದರೆ ಅದು ಬಾವುಟದ ಹಾಗೆ ಹಾರುತ್ತಿತ್ತು. ಕೆಳಗೆ ಕಲ್ಲು ಕಟ್ಟಿದೆ, ಕಲ್ಲು ಬಂದು ಒಬ್ಬರ ಮೊಣಕಾಲಿಗೆ ಬಡಿಯಿತು. ಬೀರು ಅಡ್ಡ ಇಡೋಣವೆಂದರೆ ಗಿರಾಕಿ ಬರುವುದು ಎಲ್ಲಿಂದ. ಎದುರುಮನೆಯ ಆಡು ಸಲೀಸಾಗಿ ಒಳಗೆ ಬಂದು ಹತ್ತಿಯ ಉಂಡೆ ತಿಂದು ಹೋಗುತ್ತಿತ್ತು. ದಾರಿಯಲ್ಲಿ ಹೋಗುವ ಗಂಡಸರಿಗೆಲ್ಲ ನಮ್ಮ ಮನೆ ಮುಂದೆಯೇ ಚಪ್ಪಲಿಯ ಉಂಗುಷ್ಠ ಕಿತ್ತುಹೋಗುತ್ತಿತ್ತು, ನಿಂತು ಸರಿಮಾಡಿಕೊಳ್ಳುತ್ತಿದ್ದರು.

"ನೀವು ಸ್ವಲ್ಪ ಹೇಳಿ ನಿಮ್ಮಪ್ಪನಿಗೆ" ಎಂದು ನಮ್ಮವರಿಗೆ ಅಂದರೆ, ಅವರು ಬಿಜಾಗರಿಗೆ ಎಣ್ಣೆ ಬಿಟ್ಟರು. ಎಣ್ಣೆ ಬಿಟ್ಟರೆ ಮುಚ್ಚುವ ಬಾಗಿಲಲ್ಲ ಅದು ಎಂದು ಹುಟ್ಟಿದಾಗಿನಿಂದ ಗೊತ್ತಿದ್ದ ಮನುಷ್ಯ.

ಮಾವನವರದು ಒಂದೇ ಹಟ. ಅರಗು ಒಡೆದರೆ ಅದು ಸಾವಿರ ಕಾಗದಗಳಲ್ಲಿ ಒಂದು ಕಾಗದ ಅಷ್ಟೇ. ಒಡೆಯದೆ ಒಳಗಿನದು ಓದುವ ಯಂತ್ರ ಎಲ್ಲಾದರೂ ಇದೆಯೇ ಎಂದು ವಿಚಾರಿಸಿದರು. ಬೆಳಕಿಗೆ ಹಿಡಿದು ನೋಡಿದರು. ಒಳಗಿನ ಪ್ರಶ್ನೆಯನ್ನು ಊಹಿಸಿ ಉತ್ತರ ಬರೆಯುವುದೆಂದು ಕೂತರು. "ಎಲ್ಲರೂ ಕ್ಷೇಮ, ಬೆಳೆ ಚೆನ್ನಾಗಿದೆ, ಆದಷ್ಟು ಬೇಗ ಬರುತ್ತೇನೆ" ಎಂದು ಬರೆದು ಡಬ್ಬಕ್ಕೆ ಹಾಕಿ ಬಂದರು. ಬಾಗಿಲು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. "ಕ್ಷೇಮ ಕೇಳಿಲ್ಲ ಅನ್ಸುತ್ತೆ" ಅಂದರು, ಏನೋ ಪತ್ತೆ ಮಾಡಿದವರ ಹಾಗೆ.

ನನ್ನ ಸಹನೆ ಮುರಿದದ್ದು ಶಕುಂತಳೆಯ ದಿನ. ಶಕುಂತಳೆ ಗಾಣಿಗರ ಬೀದಿಯ ಹುಡುಗಿ. ಸಾಯಂಕಾಲ ನಿಶ್ಚಿತಾರ್ಥ. ಬೇರೆ ಪಾರ್ಲರಿಗೆ ಹೋಗು ಎಂದು ನಾನೇ ಹೇಳಿದರೂ "ಇಲ್ಲ ಅಕ್ಕ, ನೀವೇ ಮಾಡ್ಬೇಕು" ಎಂದು ಬಂದಿದ್ದಳು. ಕಡಲೆಹಿಟ್ಟು, ಬೇವಿನ ಲೇಪ ಹಚ್ಚಿ, ಕಣ್ಣಿನ ಮೇಲೆ ಸೌತೆಕಾಯಿ ಇಟ್ಟು, ಕೂದಲಿಗೆ ಬಟ್ಟೆ ಸುತ್ತಿ ಮಲಗಿಸಿದ್ದೆ. ಗಾಳಿ ಎದ್ದಿತು, ಪರದೆ ಕಂಬಿಯ ಸಮೇತ ಬಿತ್ತು. ಬೀದಿಯಲ್ಲಿ ಗಂಡಿನ ಕಡೆಯವರ ವ್ಯಾನು ದಾರಿ ಕೇಳಲು ನಿಂತಿತ್ತು. ವ್ಯಾನಿನ ತುಂಬಾ ಜನ. ಗಂಡಿನ ಸೋದರಮಾವ "ಏನಮ್ಮ, ಗಾಣಿಗರ ಬೀದಿ ಎಲ್ಲಿ?" ಎಂದು ನನ್ನನ್ನು ಕೇಳಿದ, ಆಮೇಲೆ ಕುರ್ಚಿಯಲ್ಲಿದ್ದವಳನ್ನು ನೋಡಿದ. ಹುಡುಗಿ ಸೌತೆಕಾಯಿ ತೆಗೆದು ಅವರನ್ನು ನೋಡಿದಳು. ಯಾರೂ ನಗಲಿಲ್ಲ, ಅದೇ ಇನ್ನೂ ಕೆಟ್ಟದಾಯಿತು. ಅವಳು ಅತ್ತು ಲೇಪವೆಲ್ಲ ಕತ್ತಿನವರೆಗೆ ಇಳಿಯಿತು. ಹೇಗೋ ಸಮಾಧಾನ ಮಾಡಿ ತೊಳೆದು ಕಳಿಸಿದೆ. ನಿಶ್ಚಿತಾರ್ಥ ಏನೋ ನಡೆಯಿತು. ಆದರೆ ಅವಳ ತಾಯಿ ಮಾರನೆಯ ದಿನ ನನ್ನನ್ನು ಮಾರ್ಕೆಟ್ಟಿನಲ್ಲಿ ಕಂಡು ರಸ್ತೆಯ ಆಚೆ ಬದಿಗೆ ಹೋದಳು.

ಪಾರ್ಲರಿನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಮಾವನವರ ಕೋಣೆಯ ನಡುವೆ ಇಟ್ಟೆ. ಆಮೇಲೆ ಮುಖಕ್ಕೆ ಆವಿ ಕೊಡುವ ಯಂತ್ರ ತಂದೆ. ಪ್ಲಗ್ಗು ಹಾಕಿದೆ.

ಅವರು ಎದ್ದು ನಿಂತರು. "ಏನು ಮಾಡ್ತಿದ್ದೀಯ?"

"ಈ ಕೋಣೆಗೆ ಬಾಗ್ಲಿದೆ, ಮುಚ್ಚುತ್ತೆ ಕೂಡ. ಇವತ್ತಿಂದ ಇಲ್ಲೇ ಕೆಲಸ."

"ಆವಿ ಬಂದ್ರೆ ಸ್ಟಾಂಪಿನ ಗೋಂದು ಬಿಡುತ್ತೆ ಕಣಮ್ಮ."

"ಬಿಡಲಿ."

"ಆಲ್ಬಮ್ಮೆಲ್ಲ ಇಲ್ಲೇ ಇದೆ."

"ಗೊತ್ತು ಮಾವ."

ಯಂತ್ರ ಗೊರಗೊರ ಎಂದಿತು. ಮೂತಿಯಿಂದ ಮೊದಲ ಎಳೆ ಹೊರಟು ಬೀರುವಿನ ಕಡೆ ತೇಲಿತು. ಮೈದಾನದಲ್ಲಿ ಇಡೀ ಶಾಲೆಯನ್ನು ಸಾಲು ನಿಲ್ಲಿಸಿದ್ದ ಮನುಷ್ಯ ಬೀರುವಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತರು. ಕೊನೆಗೆ "ಆರಿಸು" ಅಂದರು. "ನಿನ್ನ ಹತ್ರ ಹುಬ್ಬು ಬೋಳಿಸೋ ಸಣ್ಣ ಬ್ಲೇಡಿದೆಯಲ್ಲ, ಅದು ಕೊಡು."

ಆ ಬ್ಲೇಡಿನಿಂದ ಅರಗಿನ ಅಡಿಯಿಂದ, ಬಿಲ್ಲೆ ಒಡೆಯದ ಹಾಗೆ, ಕಾಗದವನ್ನು ಬಿಡಿಸಿದರು. ಮುಗಿದ ಮೇಲೆ ಬಿಲ್ಲೆಯನ್ನು ನೋಡುತ್ತ ತುಂಬಾ ಹೊತ್ತು ಕುಳಿತರು. ಊಟಕ್ಕೆ ಏಳಲಿಲ್ಲ. ನನಗೆ ಪಾಪ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ಸಿಟ್ಟೂ ಬಂತು.

ಒಳಗಿದ್ದ ಬರಹ ನಮಗೆ ಯಾರಿಗೂ ಓದಲು ಬಾರದು. ಬಲ್ಗೇರಿಯಾದಲ್ಲಿ ಮಾವನವರಿಗೆ ಪರಿಚಯದ ಒಬ್ಬ ಮುದುಕಿಯಿದ್ದಳು, ಸ್ತೋಯಾಂಕಾ ಎಂದು. ಅವಳಿಗೂ ಇದೇ ಹುಚ್ಚು. ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸಿದೆವು. ಮೊದಲು ಅವಳು ಸ್ಟಾಂಪಿನ ಬಗ್ಗೆ ಉದ್ದುದ್ದ ಬರೆದಳು. ಆಮೇಲೆ ಮೊಹರಿನ ಶಾಯಿಯ ಬಣ್ಣದ ಬಗ್ಗೆ ಬರೆದಳು. ಅದಕ್ಕೆ ಮಾವ ಉತ್ತರ ಕೊಟ್ಟರು, ಅದಕ್ಕೆ ಅವಳು ಇನ್ನೊಂದು ಕೊಟ್ಟಳು. ನಾನು ಮೊಬೈಲು ಕಿತ್ತುಕೊಂಡು "ಒಳಗೆ ಏನು ಬರೆದಿದೆ ಅಷ್ಟು ಹೇಳಿ ಅಜ್ಜಿ, ಇಲ್ಲಿ ಆಡು ಮನೆಯೊಳಗಿದೆ" ಎಂದು ನನಗೆ ತಿಳಿದ ಇಂಗ್ಲಿಷಿನಲ್ಲಿ ಹೊಡೆದೆ. ಕೊನೆಗೆ ಕಳಿಸಿದಳು. ಮಾವ ಅದನ್ನು ಕನ್ನಡದಲ್ಲಿ ನಮಗೆ ಹೇಳಿದರು.

ಬರೆದವಳು ತೊದೋರ್ಕಾ ಎಂಬ ಹೆಂಗಸು, ವಿದಿನ್ನಿನಲ್ಲಿದ್ದವಳು. ಗಲಾತ್ಸಿನಲ್ಲಿ ಉಣ್ಣೆ ವ್ಯಾಪಾರಕ್ಕೆ ಹೋಗಿ ನೆಲೆಸಿದ ಅಣ್ಣನಿಗೆ ಬರೆದದ್ದು. ಮನೆ ಅಣ್ಣನದು. ಕೆಳಗಿನ ಕೋಣೆಯಲ್ಲಿ ಅವನ ಖಾಲಿ ಉಣ್ಣೆಮೂಟೆಗಳು ಬಿದ್ದಿವೆ. ಅಲ್ಲಿ ಮಗ್ಗ ಹಾಕಿಕೊಳ್ಳಲೇ ಎಂದು ಅವಳು ಮುಂಚೆಯೂ ಕೇಳಿದ್ದಾಳೆ. ಅವನ ಕಾಗದಗಳಲ್ಲಿ ಉಣ್ಣೆಯ ಧಾರಣೆ ಇದೆ, ಚಳಿಯ ವಿಚಾರ ಇದೆ, ಕೋಣೆಯ ವಿಚಾರವಿಲ್ಲ. "ಕೋಣೆ ನನಗೆ ಕೊಡುತ್ತೀಯೋ ಇಲ್ಲವೋ, ಅದೊಂದನ್ನು ಬರಿ. ಬೇರೆ ಏನನ್ನೂ ಬರೆಯಬೇಡ" ಎಂದು ಮುಗಿಸಿದ್ದಳು.

ನಮ್ಮವರು ಬಿಜಾಗರಿ ನೋಡುತ್ತಿದ್ದರು.

"ಇಷ್ಟೇನಾ" ಎಂದು ಮಾವ ಹಗುರಾದರು. ಕಾರ್ಡು ತೆಗೆದುಕೊಂಡು "ಕೊಡುತ್ತೇನೆ. ಮಗ್ಗ ಹಾಕಿಕೋ" ಎಂದು ಬರೆದು, ತೊದೋರ್ಕಾ, ವಿದಿನ್ ಎಂದು ವಿಳಾಸ ಹಾಕಿದರು. ಅಂಥ ವಿಳಾಸಕ್ಕೆ ಅದು ಹೋಗಿ ಮುಟ್ಟುವುದೇ ಎಂದು ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ, ಪುಟ್ಟಗೌರಿಯೂ ಕೇಳಲಿಲ್ಲ. ಅವರು ಡಬ್ಬಕ್ಕೆ ಹಾಕಿದ ಹೊತ್ತಿಗೆ ಇಲ್ಲಿ ಬಾಗಿಲು ಕಿರ್ ಎಂದು ಚಲಿಸಿತು. ನಾನು ಕೈ ಜೋಡಿಸಿದೆ. ಅದು ಬಂತು, ಬಂತು, ಒಂದು ಗೇಣು ಉಳಿಸಿ ನಿಂತುಬಿಟ್ಟಿತು.

ಪೂರ್ತಿ ತೆರೆದ ಬಾಗಿಲಾದರೆ ಜನ ಕಾಗದ ಇನ್ನೂ ಓದಿಲ್ಲವೇನೋ ಎಂದುಕೊಳ್ಳುತ್ತಾರೆ. ಗೇಣು ತೆರೆದ ಬಾಗಿಲೆಂದರೆ ಮನೆಯವರು ಬಾಯಲ್ಲೊಂದು, ಮನಸ್ಸಿನಲ್ಲೊಂದು ಇಟ್ಟುಕೊಂಡಿದ್ದಾರೆ ಎಂದು ಬೀದಿಗೆಲ್ಲ ಡಂಗುರ. ಎದುರುಮನೆಯವರು ಆಡನ್ನು ಕರೆಯುವ ನೆಪದಲ್ಲಿ ಬಂದು ಗೇಣು ಅಳೆದು ಹೋದರು. "ಮೇಷ್ಟ್ರು ಏನೋ ಕೊಡ್ತೀನಿ ಅಂದವ್ರಂತೆ, ಮನಸ್ಸಿಲ್ವಂತೆ" ಎಂದು ನೀರಿನ ನಲ್ಲಿಯ ಹತ್ತಿರ ಮಾತು. ಮಾವ ಇನ್ನೊಂದು ಕಾರ್ಡು ಬರೆದರು, "ಸಂತೋಷದಿಂದ ಕೊಡುತ್ತೇನೆ" ಎಂದು. ಬಾಗಿಲು ಇನ್ನಷ್ಟು ಹಿಂದೆ ಸರಿಯಿತು.

ನಾನು ಆ ಮಧ್ಯಾಹ್ನ ಗಿರಾಕಿಯಿಲ್ಲದ ಪಾರ್ಲರಿನಲ್ಲಿ ಕುಳಿತು ಯೋಚನೆ ಮಾಡಿದೆ. ವಿದಿನ್ನಿನ ಒಂದು ಕೋಣೆ. ಆ ಹೆಂಗಸಿಲ್ಲ, ಅವಳ ಅಣ್ಣನಿಲ್ಲ, ಮನೆ ನಿಂತಿದೆಯೋ ಬಿದ್ದಿದೆಯೋ. ಅದನ್ನು ಕೊಡುತ್ತೇನೆ ಎನ್ನಲು ನಮ್ಮ ಮಾವನಿಗೆ ಮನಸ್ಸಿಲ್ಲ ಎಂದರೆ ಅವರ ಮನಸ್ಸಿನಲ್ಲಿರುವುದು ಯಾವ ಕೋಣೆ. ಹಾಗೆ ಯೋಚಿಸುತ್ತಲೇ ಸುತ್ತ ನೋಡಿದೆ. ಕನ್ನಡಿ, ಡಬ್ಬಿಗಳು, ಕಿಟಕಿ, ನಾನು. ಎದ್ದು ಹೋಗಿ ಅವರ ಮುಂದೆ ನಿಂತೆ.

"ಮಾವ, ನಾನು ಪಾರ್ಲರ್ ಇಡ್ಲಾ ಅಂತ ಕೇಳಿಸಿದಾಗ ನೀವು ಇವರ ಹತ್ರ ಏನಂದ್ರಿ?"

"ಅದೀಗ್ಯಾಕೆ."

"ಹೇಳಿ."

"ನೋಡೋಣ ಅಂದೆ."

"ನೋಡೋಣ ಅಂದ್ರೆ ಹೂಂ ಅಂತಾನಾ, ಇಲ್ಲ ಅಂತಾನಾ?"

ಅವರು ಚಿಮಟ ಕೆಳಗಿಟ್ಟರು. ಬಗ್ಗಿ ಮಂಚದ ಅಡಿಯಿಂದ ಹಳೇ ಪಂಚೆಯಲ್ಲಿ ಸುತ್ತಿದ ಒಂದು ಕಟ್ಟು ಎಳೆದರು. ಬಿಚ್ಚಿದರೆ ತೇಗದ ಚೌಕಟ್ಟುಗಳು, ಗಾಜು ಹಾಕಿದವು, ಒಳಗೆ ಖಾಲಿ. ಎಷ್ಟೊಂದಿದ್ದವು.

"ರಿಟೈರ್ ಆಗೋಕೆ ಮುಂಚೆ ಮಾಡಿಸಿದ್ದು" ಅಂದರು. "ಆ ಕೋಣೆಗೆ ಬಿಸಿಲು ನೇರವಾಗಿ ಬೀಳಲ್ಲ, ಬೆಳಕು ಮಾತ್ರ ಬರುತ್ತೆ. ಸ್ಟಾಂಪಿಗೆ ಅಂಥ ಜಾಗ ಸಿಗೋದು ಕಷ್ಟ. ಗೋಡೆ ತುಂಬ ಹಾಕಿ, ಬಂದವ್ರಿಗೆಲ್ಲ ತೋರಿಸ್ಬೇಕು ಅಂತಿದ್ದೆ. ಅಷ್ಟರಲ್ಲಿ ನೀನು ಕುರ್ಚಿ ತಂದೆ."

"ಬೇಡ ಅನ್ಬೇಕಿತ್ತು."

"ಹೊಸದಾಗಿ ಬಂದ ಸೊಸೆಗೆ ಬೇಡ ಅನ್ನೋದು ಹೇಗಮ್ಮ. ಒಂದ್ನಾಲ್ಕು ತಿಂಗಳು ಮಾಡಿ ಬಿಡ್ತಾಳೆ ಅಂದ್ಕೊಂಡೆ."

ನನಗೆ ಕಿರುಚಬೇಕು ಅನ್ನಿಸಿತು. ಇಷ್ಟು ವರ್ಷ ನಾನು ವ್ಯಾಕ್ಸಿನ ವಾಸನೆ ಅವರಿಗೆ ತಾಗಬಾರದೆಂದು ಧೂಪ ಹಾಕಿದ್ದೆ. ರೇಡಿಯೋ ಸಣ್ಣಗೆ ಇಟ್ಟಿದ್ದೆ. ಜಾಗ ಬಿಟ್ಟುಕೊಟ್ಟ ದೊಡ್ಡವರು ಎಂದು, ಕೈತುಂಬ ಕೆಲಸವಿದ್ದ ದಿನವೂ ಅವರ ಮುದ್ದೆ ಹೊತ್ತಿಗೆ ಸರಿಯಾಗಿ ಬಿಸಿಯಾಗಿ ತಟ್ಟೆಗೆ ಬೀಳುವಂತೆ ನೋಡಿಕೊಂಡಿದ್ದೆ. ಮಾಡದೇ ಇದ್ದ ಉಪಕಾರಕ್ಕೆ ಋಣ ತೀರಿಸುತ್ತ ಬಂದಿದ್ದೆ. ಆ ಮನುಷ್ಯ ಹಿತ್ತಿಲ ಬಾಗಿಲಿನಲ್ಲಿ ಓಡಾಡುತ್ತ, ಮಂಚದ ಅಡಿಯಲ್ಲಿ ಖಾಲಿ ಗಾಜು ಇಟ್ಟುಕೊಂಡು ಅದರ ಮೇಲೆ ಮಲಗಿದ್ದರು.

"ನಿಮ್ಮ 'ಇಲ್ಲ' ಅವತ್ತೇ ಸಿಕ್ಕಿದ್ರೆ ನಾನು ಬೇರೆ ಜಾಗ ನೋಡ್ಕೋತಿದ್ದೆ ಮಾವ. ಸಿಟ್ಟು ಮಾಡ್ಕೋತಿದ್ದೆ, ಆಮೇಲೆ ನೋಡ್ಕೋತಿದ್ದೆ. ನೀವು ನನಗೂ ಕೊಡ್ಲಿಲ್ಲ, ನೀವೂ ಇಟ್ಕೊಳ್ಳಲಿಲ್ಲ."

ಅವರು ಚೌಕಟ್ಟುಗಳನ್ನು ಮತ್ತೆ ಪಂಚೆಯಲ್ಲಿ ಸುತ್ತತೊಡಗಿದರು.

"ಬರೀರಿ" ಅಂದೆ. "ಆ ತೊದೋರ್ಕಾಗೆ ಇದ್ದದ್ದು ಇದ್ದ ಹಾಗೆ ಬರೀರಿ. ನಾನೇನೂ ಅಂದ್ಕೊಳ್ಳಲ್ಲ ಅಂತ ಸುಳ್ಳು ಹೇಳಲ್ಲ. ಅಂದ್ಕೊಳ್ತೀನಿ. ಆದ್ರೂ ಬರೀರಿ."

ತುಂಬಾ ಹೊತ್ತು ಬರೆದರು. ಬರೆದದ್ದನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ಇಷ್ಟೇ ಇತ್ತು: "ತಾಯಿ ತೊದೋರ್ಕಾ, ಕೋಣೆ ಕೊಡುವುದಿಲ್ಲ. ಅದು ನನಗೆ ಬೇಕು. ಈ ಮಾತನ್ನು ನೀನು ಮೊದಲ ಸಲ ಕೇಳಿದಾಗಲೇ ಹೇಳಬೇಕಾಗಿತ್ತು. ಹೇಳುವ ಧೈರ್ಯ ನನಗೆ ಇರಲಿಲ್ಲ. ನಿನ್ನ ಮಗ್ಗಕ್ಕೆ ಒಳ್ಳೆಯ ಜಾಗ ಸಿಗಲಿ."

ಓದಿ ವಾಪಸು ಕೊಟ್ಟೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಾನು ಮುಂದಿನ ಕೋಣೆಯಲ್ಲಿ ನಿಂತೆ, ನಮ್ಮವರೂ ಬಂದು ಪಕ್ಕದಲ್ಲಿ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಾನಾಗಿ ಚಲಿಸಿತು. ಸದ್ದೇ ಇಲ್ಲ. ಬಂದು, ಚೌಕಟ್ಟಿಗೆ ಕೂತು, ಅಗುಳಿ ಟಕ್ ಎಂದಿತು. ಬೀದಿಯ ಗದ್ದಲ ಅಷ್ಟೂ ನಿಂತುಹೋಯಿತು. ಎಷ್ಟೋ ದಿನದಿಂದ ಆ ನಿಶ್ಶಬ್ದಕ್ಕೆ ಕಾದಿದ್ದೆ. ಸಿಕ್ಕಾಗ ನನ್ನ ಕಣ್ಣಲ್ಲಿ ನೀರಿತ್ತು. ಅದು ಬೇಸರದ್ದೋ, ಇನ್ನಾದರೂ ಒಂದು ಮಾತು ಇತ್ಯರ್ಥವಾಯಿತಲ್ಲ ಎಂಬುದರದ್ದೋ ನನಗೇ ಗೊತ್ತಾಗಲಿಲ್ಲ. "ಈಗೇನು ಮಾಡೋದು?" ಎಂದು ನಮ್ಮವರು ಕೇಳಿದರು. "ಜಾಗ ಹುಡುಕೋದು" ಅಂದೆ. ಆ ಮಾತು ನಾನು ಎಣಿಸಿದ್ದಕ್ಕಿಂತ ಸುಲಭವಾಗಿ ಬಾಯಿಂದ ಬಂತು.

ಜಾಗ ಹುಡುಕಿಕೊಟ್ಟವಳು ಪುಟ್ಟಗೌರಿ. ಕೆರೆಯ ಕಡೆ ಇಳಿಯುವ ಬೀದಿಯಲ್ಲಿ ಅವಳ ಅಕ್ಕನ ಮಳಿಗೆ. ಹಿಂದೆ ದರ್ಜಿ ಅಂಗಡಿ ಇದ್ದದ್ದು. ನಮ್ಮ ಕೋಣೆಗಿಂತ ದೊಡ್ಡದು, ನೀರಿನ ನಲ್ಲಿ ಒಳಗೇ ಇತ್ತು. ಮದುವೆಯ ಕಾಲ ಮುಗಿಯುವ ಮೊದಲೇ ಸುಣ್ಣ ಹೊಡೆಸಿದೆವು. ಸಾಮಾನು ಸಾಗಿಸುವ ದಿನ ನಮ್ಮವರು ಕುರ್ಚಿಯನ್ನು ಗಾಡಿಯಲ್ಲಿ ಹಾಕಿಕೊಂಡು ಮುಂದೆ ಹೋದರು. ಕನ್ನಡಿಯನ್ನು ಗಾಡಿಗೆ ಹಾಕಲು ನನಗೆ ಧೈರ್ಯ ಬರಲಿಲ್ಲ. ಹಿಡಿಯಲು ಇನ್ನೊಬ್ಬರು ಬೇಕು ಎಂದು ಸುತ್ತ ನೋಡುತ್ತಿದ್ದಾಗ ಮಾವ ಬಂದು ಆ ಕಡೆಯಿಂದ ಹಿಡಿದರು.

ಮುಂಬಾಗಿಲಿನಿಂದ ಹೊರಗೆ ಬಂದೆವು. ಅವರು ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಇಳಿಯಬೇಕು, ನಾನು ಈ ಕಡೆಯಿಂದ ದಾರಿ ಹೇಳಬೇಕು. ಎಡಕ್ಕೆ ಅಂದರೆ ಅವರು ತಮ್ಮ ಎಡಕ್ಕೆ ಹೋಗುತ್ತಿದ್ದರು. "ನನ್ನ ಎಡಕ್ಕೆ ಮಾವ" ಅಂದರೆ "ಹಾಗಾದ್ರೆ ಬಲಕ್ಕೆ ಅನ್ನು" ಅನ್ನುತ್ತಿದ್ದರು. ಪ್ರತಿ ತಿರುವಿನಲ್ಲೂ ಇದೇ ಜಗಳ. ಬೀದಿಯ ಜನ ಜಗಲಿಯಲ್ಲಿ ಕುಳಿತು ನೋಡುತ್ತಿದ್ದರು. ಕನ್ನಡಿಯ ಮುಖ ಮಾವನವರ ಕಡೆಗಿತ್ತು, ನನ್ನ ಕಡೆಗೆ ಬರೀ ಹಲಗೆ. ಮೇಲೆ ಅವರ ನೆತ್ತಿಯ ಬಿಳಿಕೂದಲು ಮಾತ್ರ ಕಾಣುತ್ತಿತ್ತು.

ಕೆರೆಯ ಬೀದಿಗೆ ತಿರುಗಿದ ಮೇಲೆ ಹಲಗೆಯ ಆಚೆಯಿಂದ ಅವರ ಮಾತು ಕೇಳಿಸಿತು. "ನಿನ್ನ ಕೆಲಸ ಚೆನ್ನಾಗಿದೆ ಅಂತ ಊರಲ್ಲೆಲ್ಲ ಅಂತಾರೆ. ನಾನು ಒಂದು ದಿನಾನೂ ಹೇಳ್ಲಿಲ್ಲ."

ಅದೇ ಹೊತ್ತಿಗೆ ಅವರ ಹಿಮ್ಮಡಿಯ ಹಿಂದೆ ಮೆಟ್ಟಿಲ ಸಾಲು ಬಂದಿತ್ತು, ಅವರು ಮಾತಿನ ಗುಂಗಿನಲ್ಲಿ ಕಾಲು ಗಾಳಿಯಲ್ಲಿಡಲಿದ್ದರು.

"ನಿಲ್ಲಿ ಮಾವ, ಮೆಟ್ಟಿಲು" ಅಂದೆ. "ಮೊದ್ಲು ಕಾಲು ಊರಿ. ಆಮೇಲೆ ಇನ್ನೊಂದ್ಸಲ ಹೇಳಿ, ಗಾಳಿಗೆ ಸರಿಯಾಗಿ ಕೇಳಿಸ್ಲಿಲ್ಲ."

ಅವರು ಕಾಲು ಊರಿದರು. ಕನ್ನಡಿಯನ್ನು ಮೊಣಕಾಲಿಗೆ ಆನಿಸಿ, ಹಳೇ ಪಿ.ಟಿ. ಮೇಷ್ಟರ ಗಂಟಲಿನಲ್ಲಿ, ಇಡೀ ಬೀದಿಗೆ ಕೇಳುವ ಹಾಗೆ ಇನ್ನೊಂದು ಸಲ ಹೇಳಿದರು.